ವಿಚಾರಣೆಗೆ ಬಂದವರು ಯಾರ ಕಡೆಯವರು?

(ಗುಬ್ಬಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಂಘಗಳ ಸದಸ್ಯೆಯರು ಬಂದಿದ್ದರು.)



ವರದಕ್ಷಿಣೆ ಸಾವುಗಳ ಬಗ್ಗೆ ಮಾತಾಡಲು ಈ ಕಡೆ ಎಷ್ಟೋ ಸಲ ಬಂದಿದ್ದೇನೆ. ಇವತ್ತಿನ ವಿಷಯ ಬೇರೆ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ನೀವೆಲ್ಲ ಕಂಡಿರುವಂಥದ್ದು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಸುಟ್ಟುಕೊಂಡೋ, ಬಾವಿಗೆ ಬಿದ್ದೋ, ನೇಣು ಹಾಕಿಕೊಂಡೋ ಸತ್ತರೆ ಶವದ ಮಹಜರಿಗೆ ತಹಶೀಲ್ದಾರರು ಬರುತ್ತಾರೆ. ಬರೀ ಪೊಲೀಸರ ಕೈಗೆ ಬಿಡಬಾರದೆಂದು 1983ರಲ್ಲಿ ಕಾನೂನು ತಿದ್ದಿ ಮಾಡಿದ ಏರ್ಪಾಡು ಇದು. 2024ರ ಜುಲೈನಲ್ಲಿ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದರೂ ಈ ಏರ್ಪಾಡು ಉಳಿದಿದೆ.

ಅಂಥ ಒಂದು ಮಹಜರನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಂಡನ ಮನೆಯ ಜಗಲಿಯ ಮೇಲೆ ಅಧಿಕಾರಿಗೆ ಕುರ್ಚಿ ಹಾಕಿದ್ದರು. ಆ ಮನೆಯವರೇ ಎಳನೀರು ಕೊಚ್ಚಿ ಕೊಟ್ಟರು. ಸತ್ತವಳ ತಾಯಿ ಬೇಲಿಯ ಪಕ್ಕ ಮಣ್ಣಿನಲ್ಲಿ ಕೂತಿದ್ದಳು. ಅವಳ ಹೇಳಿಕೆಯನ್ನು ಎಲ್ಲರಿಗಿಂತ ಕೊನೆಗೆ, ಅವಳು ಕೂತಲ್ಲೇ, ಮೈದುನಂದಿರು ಸುತ್ತ ನಿಂತಿರುವಾಗಲೇ ಬರೆದುಕೊಂಡರು. ಕಾಗದದಲ್ಲಿ ನೋಡಿದರೆ ಒಂದೂ ತಪ್ಪಿರಲಿಲ್ಲ. ಬರಬೇಕಾದವರು ಬಂದಿದ್ದರು, ಸಹಿಗಳೆಲ್ಲ ಸರಿಯಾಗಿದ್ದವು.

ಮನೆಯೊಳಗೆ ನಡೆದದ್ದರ ವಿಚಾರಣೆಯೇ ಹೀಗಾದರೆ ಲಾಕಪ್ಪಿನಲ್ಲಿ, ಹಾಸ್ಟೆಲಿನಲ್ಲಿ, ಅನಾಥಾಲಯದಲ್ಲಿ, ಆಸ್ಪತ್ರೆಯಲ್ಲಿ ನಡೆದದ್ದರ ಗತಿ ಏನು? ಅಲ್ಲಿ ಎದುರಿಗಿರುವುದು ಒಬ್ಬ ಗಂಡ, ಒಬ್ಬಳು ಅತ್ತೆ ಅಲ್ಲ, ಒಂದು ಇಡೀ ಸಂಸ್ಥೆ. ಅಂಥ ಸುದ್ದಿ ಬಂದಾಗ ನಾವು ಬೀದಿಗಿಳಿದು 'ಸ್ವತಂತ್ರ ತನಿಖೆಯಾಗಲಿ' ಎಂದು ಕೂಗುತ್ತೇವೆ. ಸರ್ಕಾರ ಯಾರದೋ ಒಂದು ಹೆಸರು ಹೇಳುತ್ತದೆ. ನಾವು ಗೆದ್ದೆವೆಂದುಕೊಂಡು ಬ್ಯಾನರು ಮಡಿಸಿ ಮನೆಗೆ ಹೋಗುತ್ತೇವೆ. ಆ ಹೆಸರು ಯಾರದು ಎಂದು ಕೇಳುವವರು ಕಡಿಮೆ. ನಿಮ್ಮ ಸಂಘದ ದುಡ್ಡಿನ ಪೆಟ್ಟಿಗೆಯಲ್ಲಿ ಲೆಕ್ಕ ತಪ್ಪಿದರೆ, ಬೀಗದಕೈ ಇಟ್ಟುಕೊಂಡವಳ ತಂಗಿಯನ್ನೇ ಲೆಕ್ಕ ನೋಡಲು ಕೂರಿಸುತ್ತೀರಾ? ಇಲ್ಲ ತಾನೆ? ಆ ಬುದ್ಧಿಯನ್ನು ದೊಡ್ಡ ವಿಷಯಗಳಿಗೂ ಉಪಯೋಗಿಸಬೇಕು ಎನ್ನುವುದಷ್ಟೇ ನನ್ನ ಮಾತು.

ನಮ್ಮ ರಾಜ್ಯದ್ದೇ ಒಂದು ದೊಡ್ಡ ಉದಾಹರಣೆ ಹೇಳುತ್ತೇನೆ. ನ್ಯಾಯಮೂರ್ತಿ ಎ.ಜೆ. ಸದಾಶಿವ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಒಳಮೀಸಲಾತಿಯ ವರದಿ. ಅದಕ್ಕೂ ಮೊದಲು ಅವರು ಇನ್ನೊಂದು ಕೆಲಸ ಮಾಡಿದ್ದರು. ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಕಾಡಿಗೆ ಇಳಿದಿದ್ದವಲ್ಲ, ಆಗ ಆ ಗಡಿಯ ಹಳ್ಳಿಗಳ ಜನರ ಮೇಲೆ ನಡೆದದ್ದರ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದವು. ಆಯೋಗ 1999ರಲ್ಲಿ ಇಬ್ಬರ ಸಮಿತಿ ಮಾಡಿತು. ಮುಖ್ಯಸ್ಥರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸದಾಶಿವ. ಜೊತೆಗೆ ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್.

ಈ ಸಮಿತಿ ಮಾಡಿದ ಒಳ್ಳೆಯ ಕೆಲಸವೆಂದರೆ ಬೆಂಗಳೂರಿನಲ್ಲಿ ಕೂತು 'ಬನ್ನಿ' ಎನ್ನಲಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಯಿತು, ತಮಿಳುನಾಡಿನ ಗೋಬಿಚೆಟ್ಟಿಪಾಳ್ಯಕ್ಕೂ ಹೋಯಿತು. ಬೆಟ್ಟದಲ್ಲಿ ಕಾರ್ಯಪಡೆಯ ಒಂದು ಶಿಬಿರವಿತ್ತು. ಅದಕ್ಕೆ ಜನ ಇಟ್ಟಿದ್ದ ಹೆಸರು 'ವರ್ಕ್‌ಶಾಪ್'. ಅಲ್ಲಿ ರಿಪೇರಿಯಾಗುತ್ತಿದ್ದದ್ದು ಮನುಷ್ಯರು. ಕರೆಂಟ್ ಕೊಟ್ಟರು, ಬಟ್ಟೆ ಬಿಚ್ಚಿಸಿದರು, ಅತ್ಯಾಚಾರ ಮಾಡಿದರು ಎಂದು ಹೆಂಗಸರು ಎದ್ದು ನಿಂತು ಹೇಳಿದರು. ಹೇಳಿದವರು ಯಾರು? ಸೌದೆ ತರುವವರು, ಕೂಲಿಯವರು. ಟಾಡಾ ಕಾಯ್ದೆಯಲ್ಲಿ ಹಿಡಿದು ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಬಹಳಷ್ಟು ಜನ 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಅಂಥ ಮನೆಗಳ ಹೆಂಗಸರು. ನಡೆದ ಜಾಗದ ಹತ್ತಿರವೇ ಬಂದು ಬಾಯಿಬಿಟ್ಟರು ಎಂದರೆ ಅವರ ಧೈರ್ಯ ನೋಡಿ.

ನನಗೆ ಒಪ್ಪಿಗೆಯಾಗದ್ದನ್ನೂ ಹೇಳಿಬಿಡುತ್ತೇನೆ. ಕೇಳಲು ಕೂತವರು ಇಬ್ಬರೂ ಗಂಡಸರು, ಅದರಲ್ಲಿ ಒಬ್ಬರು ಪೊಲೀಸ್ ಇಲಾಖೆಯಲ್ಲೇ ಬೆಳೆದವರು. ಪೊಲೀಸರ ಕಾಗದಪತ್ರ ಹೇಗೆ ಸೃಷ್ಟಿಯಾಗುತ್ತದೆ ಎಂದು ತಿಳಿದವರೊಬ್ಬರು ಇದ್ದದ್ದು ಒಂದು ದೃಷ್ಟಿಯಿಂದ ಒಳ್ಳೆಯದೇ ಇರಬಹುದು. ಆದರೆ ಬಟ್ಟೆ ಬಿಚ್ಚಿಸಿದ ಕಥೆಯನ್ನು ಒಬ್ಬ ಹೆಂಗಸು ಇಬ್ಬರು ಅಪರಿಚಿತ ಹಿರಿಯ ಗಂಡಸರ ಮುಂದೆ ಹೇಳಬೇಕಾದರೆ ಎಷ್ಟು ಹೇಳುತ್ತಾಳೆ, ಎಷ್ಟು ನುಂಗಿಕೊಳ್ಳುತ್ತಾಳೆ? ನೀವೇ ಯೋಚಿಸಿ. ಸಮಿತಿಯಲ್ಲಿ ಮೂರನೆಯ ಕುರ್ಚಿ ಹಾಕಿ ಒಬ್ಬ ಮಹಿಳೆಯನ್ನು ಕೂರಿಸಲು ಯಾರಿಗೂ ಹೊಳೆಯಲಿಲ್ಲವಲ್ಲ.

ವರದಿ ಬಂದದ್ದು 2003ರ ಡಿಸೆಂಬರಿನಲ್ಲಿ. ಸಮಿತಿಗೆ ಯಾರನ್ನೂ ಶಿಕ್ಷಿಸುವ ಅಧಿಕಾರವಿರಲಿಲ್ಲ. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ತಲೆಗೆ ಸರಾಸರಿ ಮೂರು ಲಕ್ಷದಷ್ಟು. ಸಮಿತಿ ನೇಮಕವಾದ ಎಂಟು ವರ್ಷದ ಮೇಲೆ! ಆದರೂ ಆ ವರದಿ ದಂಡವಾಯಿತು ಎನ್ನಲಾರೆ. 2012ರಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರ ನೇಮಕದ ಪ್ರಕರಣ ಹೈಕೋರ್ಟಿಗೆ ಬಂದಾಗ ಆ ಹೆಂಗಸರು ಹೇಳಿದ ಮಾತುಗಳ ಪ್ರಸ್ತಾಪ ಮತ್ತೆ ಬಂತು. ಬರೆದಿಟ್ಟಿದ್ದರಿಂದ ಬಂತು.

ಗಡಿಯ ಆಚೆಗೆ, ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಎಂಬ ಊರಿದೆ. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಒಟ್ಟಾಗಿ ನುಗ್ಗಿ ಊರನ್ನು ಹಾಳುಮಾಡಿದರು. 18 ಜನ ಬುಡಕಟ್ಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಏನೂ ನಡೆದಿಲ್ಲ ಎಂದು ರಾಜ್ಯ ಸರ್ಕಾರ ಸಾಧಿಸುತ್ತಿತ್ತು. ಆಗ ಪರಿಶಿಷ್ಟ ಜಾತಿ ಪಂಗಡಗಳ ರಾಷ್ಟ್ರೀಯ ಆಯೋಗದಲ್ಲಿದ್ದ ಭಾಮತಿ ಎಂಬ ಮಹಿಳಾ ಅಧಿಕಾರಿ ಆ ಊರಿಗೆ ಹೋಗಿ, ನೋಡಿ, ಜನರನ್ನು ಮಾತಾಡಿಸಿ, ನಡೆದದ್ದು ನಿಜ ಎಂದು ಬರೆದರು. ಆಕೆಯೂ ಸರ್ಕಾರದ ಸಂಬಳದವರೇ. ಆದರೆ ಆ ಮೂರು ಇಲಾಖೆಗಳಿಗೆ ಉತ್ತರ ಹೇಳಬೇಕಾದವರಲ್ಲ. ಪ್ರಕರಣ ಸಿಬಿಐಗೆ ಹೋಗಿ, 2011ರಲ್ಲಿ ಆರೋಪಿಗಳಾಗಿದ್ದ 269 ಮಂದಿಯೂ ತಪ್ಪಿತಸ್ಥರೆಂದು ತೀರ್ಪಾಯಿತು. ಅಷ್ಟರಲ್ಲಿ ಅವರಲ್ಲಿ 54 ಜನ ಸತ್ತೇಹೋಗಿದ್ದರು. ಮೇಲ್ಮನವಿ ಕೇಳಿದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಸ್ವತಃ ವಾಚಾತಿಗೆ ಹೋಗಿಬಂದು, 2023ರ ಸೆಪ್ಟೆಂಬರಿನಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿದರು.

ಹೋಗಿ ನೋಡುವುದರ ಜೊತೆಗೆ ಇನ್ನೊಂದಿದೆ. ಮಾತಾಡಿಸುವಾಗ ಪಕ್ಕದಲ್ಲಿ ಯಾರಿರುತ್ತಾರೆ? 1982ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಜೈಲಿನಲ್ಲಿ 15 ಜನ ಮಹಿಳಾ ಕೈದಿಗಳನ್ನು ಕಂಡು ಮಾತಾಡಿಸಿದರು. ಲಾಕಪ್ಪಿನಲ್ಲಿ ಪೊಲೀಸರು ಹೊಡೆದರೆಂದು ಐವರು ಹೇಳಿದರು. ಆಕೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದಾಗ ಕೋರ್ಟು ವಿಚಾರಣೆಗೆ ಕಳಿಸಿದ್ದು ಪೊಲೀಸ್ ಅಧಿಕಾರಿಯನ್ನಲ್ಲ, ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿ ಡಾ. ಎ.ಆರ್. ದೇಸಾಯಿ ಅವರನ್ನು. ಕೈದಿಗಳೊಂದಿಗೆ ಮಾತಾಡುವಾಗ ಬೇರೆ ಯಾರೂ ಅಲ್ಲಿರಬಾರದು ಎಂದೂ ಹೇಳಿತು. ಮೇಷ್ಟರ ಕೆಲಸ ಮಾಡಿದವಳಾದ್ದರಿಂದ ಈ ಪ್ರಸಂಗ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ, ಕ್ಷಮಿಸಿ. ಹೆಂಗಸರನ್ನು ಮಹಿಳಾ ಪೊಲೀಸರ ಕಾವಲಿನ ಲಾಕಪ್ಪಿನಲ್ಲೇ ಇಡಬೇಕು, ಮಹಿಳಾ ಪೊಲೀಸರ ಎದುರಿನಲ್ಲೇ ಪ್ರಶ್ನಿಸಬೇಕು ಎಂಬ ಆದೇಶ 1983ರಲ್ಲಿ ಬಂದದ್ದು ಆ ಪ್ರಕರಣದಿಂದಲೇ.

ಮುಂದುವರಿದ ದೇಶಗಳಲ್ಲಿ ಇದೆಲ್ಲ ಸಲೀಸು ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ವಿಚಾರಣೆಗೆ 2014ರಲ್ಲಿ ಸಮಿತಿ ಮಾಡಿದರು. ಮೊದಲು ಹೆಸರಿಸಿದ್ದು ನಿವೃತ್ತ ನ್ಯಾಯಾಧೀಶೆ ಎಲಿಜಬೆತ್ ಬಟ್ಲರ್ ಸ್ಲಾಸ್ ಅವರನ್ನು. ಆಕೆಯ ಅಣ್ಣ ಹಿಂದೆ ಸರ್ಕಾರದ ಅಟಾರ್ನಿ ಜನರಲ್ ಆಗಿದ್ದವರು, ಅವರ ಕಾಲದ್ದೂ ವಿಚಾರಣೆಗೆ ಬರುತ್ತದಲ್ಲ ಎಂದು ಜನ ಕೇಳಿದರು. ಒಂದು ವಾರ ತುಂಬುವ ಮೊದಲೇ ಬಿಟ್ಟರು. ಎರಡನೆಯವರು ಲಂಡನ್ನಿನ ಲಾರ್ಡ್ ಮೇಯರ್ ಆಗಿದ್ದ ಫಿಯೋನಾ ವುಲ್ಫ್. ವಿಚಾರಣೆಯಲ್ಲಿ ಹೆಸರು ಬರಬಹುದಾಗಿದ್ದ ಒಬ್ಬ ಮಾಜಿ ಮಂತ್ರಿಯ ಮನೆಯವರೊಂದಿಗೆ ಇವರಿಗೆ ಊಟಕ್ಕೆ ಕರೆದು ಹೋಗುವ ಬಳಕೆ ಇತ್ತು. ಅವರೂ ಬಿಟ್ಟರು. ಮೂರನೆಯವರನ್ನು ಯಾರ ನಂಟೂ ಬೇಡವೆಂದು ದೂರದ ನ್ಯೂಜಿಲೆಂಡಿನಿಂದ ಕರೆಸಿದರು. ನ್ಯಾಯಾಧೀಶೆ ಲೋವೆಲ್ ಗೊಡಾರ್ಡ್ ಅವರೂ 2016ರಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ ಕೆಲಸ ಮುಗಿಸಿದ್ದು ಸಮಾಜಕಾರ್ಯದಲ್ಲಿ ಪಳಗಿದ್ದ ಅಲೆಕ್ಸಿಸ್ ಜೇ. ವರದಿ 2022ರ ಅಕ್ಟೋಬರಿನಲ್ಲಿ ಬಂತು. ಮೊದಲಿಬ್ಬರೂ ಕೆಟ್ಟವರೆಂದು ಯಾರೂ ಹೇಳಲಿಲ್ಲ, ಗಮನಿಸಿ. ಅವರ ಮುಂದೆ ಕೂತು ಹೇಳಬೇಕಾದವರಿಗೆ ನಂಬಿಕೆ ಬರಲಿಲ್ಲ, ಅದನ್ನು ಹೇಳಿದರು, ಅದಕ್ಕೆ ಬೆಲೆ ಸಿಕ್ಕಿತು. ನಮ್ಮಲ್ಲಿ 'ಅಷ್ಟು ದೊಡ್ಡವರನ್ನು ಅನುಮಾನಿಸುತ್ತೀರಾ?' ಎಂದು ಬಾಯಿ ಮುಚ್ಚಿಸುತ್ತಾರೆ.

ನಮ್ಮ ಜಿಲ್ಲೆಗೆ ಬರೋಣ. 2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಪುಟ್ಟ ಹುಡುಗಿಯ ಮೇಲೆ ಅತ್ಯಾಚಾರವಾಗಿ ರಾಜ್ಯವೇ ಸಿಡಿದೆದ್ದಾಗ, ಮಹಿಳೆಯರು ಮತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ತಜ್ಞರ ಸಮಿತಿಯಾಯಿತು. ಅಧ್ಯಕ್ಷರು ನಮ್ಮ ಪಾವಗಡದ ಕಡೆಯ ವಿ.ಎಸ್. ಉಗ್ರಪ್ಪ, ಆಗ ವಿಧಾನ ಪರಿಷತ್ ಸದಸ್ಯರು. ಆಳುವ ಪಕ್ಷದವರು. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಗದರಿಸುವ ಶಕ್ತಿ ರಾಜಕಾರಣಿಗಿರುತ್ತದೆ, ಪಾಪ ಒಬ್ಬ ಪ್ರೊಫೆಸರಿಗೆ ಅದಿಲ್ಲ. ಆದರೆ ತನ್ನದೇ ಸರ್ಕಾರದ ಹಾಸ್ಟೆಲು, ತನ್ನದೇ ಸರ್ಕಾರದ ಪೊಲೀಸು ಎಂದಾಗ ಮಾತು ಎಲ್ಲಿಯವರೆಗೆ ಹೋದೀತು? ವರದಿ 2018ರಲ್ಲಿ ಮುಖ್ಯಮಂತ್ರಿಯ ಕೈ ಸೇರಿತು. ಕೆಲವೇ ವಾರಗಳಲ್ಲಿ ಚುನಾವಣೆ ಬಂತು, ಸರ್ಕಾರವೂ ಬದಲಾಯಿತು.

2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿ. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲವೆಂದು ರಾತ್ರಿ ಸೇರಿಸಿಕೊಳ್ಳದೆ ವಾಪಸು ಕಳಿಸಿದರು. ಮರುದಿನ ಬೆಳಿಗ್ಗೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ತಾಯಿಯೂ ಎರಡು ಕೂಸುಗಳೂ ಸತ್ತವು. ಒಬ್ಬಳು ಪುಟ್ಟ ಮಗಳು ಉಳಿದಳು. ಇಲಾಖೆಯವರು ವಿಚಾರಣೆ ಮಾಡಿ ಒಬ್ಬ ವೈದ್ಯೆಯನ್ನೂ ಮೂವರು ನರ್ಸುಗಳನ್ನೂ ಅಮಾನತು ಮಾಡಿದರು. ಮಾಡಬೇಕಾದದ್ದೇ. ಆದರೆ ನೋವು ತಿನ್ನುತ್ತಿರುವ ಹೆಂಗಸಿಗಿಂತ ಕಾರ್ಡು ದೊಡ್ಡದು ಎಂಬ ಅಭ್ಯಾಸ ಅಲ್ಲಿ ಹೇಗೆ ಬೆಳೆಯಿತು, ಮೇಲಿನವರು ಅದನ್ನು ಹೇಗೆ ನಡೆಯಗೊಟ್ಟರು? ಇಲಾಖೆ ತನ್ನನ್ನು ತಾನೇ ವಿಚಾರಿಸಿಕೊಂಡರೆ ಪ್ರಶ್ನೆ ರಾತ್ರಿ ಪಾಳಿಯವರ ಹತ್ತಿರವೇ ನಿಂತುಬಿಡುತ್ತದೆ.

ಇಷ್ಟು ದೊಡ್ಡ ಸಮಿತಿಗಳಲ್ಲಿ ನಮಗೇನು ಜಾಗ ಎನ್ನಬೇಡಿ. ಜಾಗ ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನ ಕೆಲಸ ಮಾಡುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು. ಗಾರ್ಮೆಂಟ್ಸ್ ಇರಲಿ, ಕಾಲೇಜು ಇರಲಿ, ಬ್ಯಾಂಕ್ ಇರಲಿ. ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯ ಒಬ್ಬರು ಹೊರಗಿನಿಂದ ಬರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರಿಗೆ, ಮನೆಗೆಲಸದವರಿಗೆ, ಮಾಲೀಕನ ಮೇಲೇ ದೂರಿದ್ದವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ. ಅದರಲ್ಲಿ ತಾಲ್ಲೂಕು, ವಾರ್ಡುಗಳಲ್ಲಿ ದುಡಿಯುವ ಮಹಿಳೆಯರಿಂದಲೇ ಒಬ್ಬರನ್ನು ಆರಿಸಬೇಕು. ನಿಮ್ಮಂಥವರನ್ನು! ಮಕ್ಕಳ ಪಾಲನಾ ಸಂಸ್ಥೆಗಳನ್ನು ನೋಡಲು ಮೂರು ತಿಂಗಳಿಗೊಮ್ಮೆಯಾದರೂ ತಂಡ ಹೋಗಬೇಕು, ತಂಡದಲ್ಲಿ ಮೂವರಾದರೂ ಇರಬೇಕು, ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ.

ನಿವೃತ್ತಳಾದ ಮೇಲೆ ಒಂದು ಕಾಲೇಜಿನ ಆಂತರಿಕ ಸಮಿತಿಗೆ ನಾನು ಹೊರಗಿನ ಸದಸ್ಯೆಯಾಗಿ ಹೋಗಿದ್ದೆ. ಹೆಸರು ಬೇಡ. ವಿಚಾರಣೆಯನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಇಟ್ಟಿದ್ದರು. ಆರೋಪ ಹೊತ್ತವರ ಸಹೋದ್ಯೋಗಿಗಳು ಸಹಿಗೆಂದು ಒಳಗೆ ಬರುತ್ತಾ ಹೋಗುತ್ತಾ ಇದ್ದರು. ಹುಡುಗಿ 'ಹೌದು ಮೇಡಂ, ಇಲ್ಲ ಮೇಡಂ' ಬಿಟ್ಟರೆ ಬೇರೆ ಮಾತಾಡಲಿಲ್ಲ. ಲೈಬ್ರರಿಯ ಹಿಂದಿನ ಕೋಣೆಗೆ ಹೋಗೋಣ ಎಂದೆ. ಕೆಲವರು ಮುಖ ಗಂಟಿಕ್ಕಿದರು. ಅಲ್ಲಿಗೆ ಹೋದ ಮೇಲೆ ಅವಳು ಕೇಳಿದ ಮೊದಲ ಮಾತು: 'ಬಾಗಿಲು ಹಾಕಲಾ?' ಆಮೇಲೆ ಒಂದೂವರೆ ಗಂಟೆ ಮಾತಾಡಿದಳು. ನಾನು ಮಾಡಿದ್ದು ಕೋಣೆ ಬದಲಿಸಿದ್ದು, ಅಷ್ಟೇ. ಒಳಗಿನವರಿಗೆ ಅದನ್ನು ಕೇಳುವುದು ಕಷ್ಟ, ನಾಳೆ ಅವರು ಅದೇ ಸ್ಟಾಫ್ ರೂಮಿನಲ್ಲಿ ಕೂರಬೇಕಲ್ಲ.

ಈಗ ಕೆಲಸದ ಮಾತು. ನಮ್ಮ ಜಿಲ್ಲೆಯ ಸ್ಥಳೀಯ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ವರ್ಷ ಎಷ್ಟು ಸಲ ಸೇರಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳೋಣ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಇಟ್ಟರೆ ಆಯಿತು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಮೂರು ತಾಲ್ಲೂಕಿನಿಂದ ಮೂರು ಅರ್ಜಿ ಹೋಗಲಿ. ಬಿಳಿ ಹಾಳೆ ತಂದಿದ್ದೇನೆ. ಊಟವಾದ ಮೇಲೆ, ಕುಣಿಗಲ್ ಕಡೆಯವರು ಬಸ್ಸಿಗೆ ಹೊರಡುವ ಮೊದಲು, ಇಲ್ಲೇ ಕೂತು ಬರೆದುಬಿಡೋಣ.