ಎಳೆಯರ ಶಾಲಾಪ್ರವೇಶ
(ಸಂಘದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಕೋವಿಡ್ ಪಿಡುಗಿನಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ಮುಂಬಯಿಯ ಬಾಲವರ್ಗಗಳಿಗೆ ಮತ್ತೆ ಬಾಗಿಲು ತೆರೆಯಲು ಅನುಮತಿ ದೊರೆತದ್ದು 2022ರ ಜನವರಿ 24ರಿಂದ. ದೊಡ್ಡವರಿಗೆ ಅದು ಎರಡು ವರ್ಷಕ್ಕೂ ಕಡಿಮೆಯ ಮಾತು. ನಾಲ್ಕು ವರ್ಷದ ಕೂಸಿಗಾದರೋ ಸುಮಾರು ಅರ್ಧ ಆಯುಷ್ಯ. ಮಕ್ಕಳು ಶಾಲೆಗೆ ಮರಳಿದರೆಂದು ಎಲ್ಲರೂ ಅಂದರು. ಈ ಎಳೆಯರ ಮಟ್ಟಿಗೆ ಆ ಮಾತು ಸಲ್ಲದು. ಅವರಲ್ಲಿ ಹಲವರು ಶಾಲೆಯ ಹೊಸ್ತಿಲನ್ನೇ ಕಂಡವರಲ್ಲ. ಕಂಡ ಶಾಲೆಯೆಂದರೆ ತಂದೆಯ ಮೊಬೈಲಿನ ಗಾಜು.

ಆ ಗಾಜಿನಿಂದಲೂ ಬಣ್ಣಗಳ ಹೆಸರು ಬಂದವು, ಅಂಕಿ ಬಂದವು, ಹಾಡೂ ಬಂತು. ಆದರೆ ಸರದಿ ಕಾಯುವುದು, ಪಕ್ಕದ ಮಗುವಿಗೆ ಬಣ್ಣದ ಕಡ್ಡಿ ಕೊಟ್ಟು ಮರಳಿ ಕೇಳುವುದು, ಡಬ್ಬಿಯ ಮುಚ್ಚಳ ತಾನೇ ತೆಗೆಯುವುದು, ಒಂದಕ್ಕೆ ಹೋಗಬೇಕೆಂದು ಹೊಸಬರ ಮುಂದೆ ಬಾಯಿಬಿಟ್ಟು ಹೇಳುವುದು, ಇವು ಗಾಜಿನ ಮೂಲಕ ಬರುವ ವಿದ್ಯೆಗಳಲ್ಲ. ಬೇಸರವಾದಾಗ ಅಮ್ಮನ ಮಡಿಲೇರುತ್ತಿದ್ದ ಮಗುವನ್ನು ಒಮ್ಮೆಲೇ ಮೂವತ್ತು ಮಕ್ಕಳ ನಡುವೆ ಕೂಡಿಸಿದರೆ ಅದು ಅತ್ತದ್ದು ಹಟವೆಂದು ನಾವು ತಿಳಿಯುವುದಿಲ್ಲ.

ನಮ್ಮ ಮನೆಗಳ ಮಕ್ಕಳಿಗೆ ಇನ್ನೊಂದು ತೊಡಕಿತ್ತು. ಒಂದೇ ಖೋಲಿಯಲ್ಲಿ ಅಜ್ಜಿ, ಅಮ್ಮ, ಅಣ್ಣ, ಅಕ್ಕಂದಿರೊಡನೆ ಕಳೆದ ಆ ದಿನಗಳಲ್ಲಿ ಅವಕ್ಕೆ ಕನ್ನಡವೋ ತುಳುವೋ ಹೇರಳವಾಗಿ ದೊರೆಯಿತು. ಕಥೆ ಕೇಳಿದವು, ಜಗಳವಾಡಿದವು, ಪ್ರಶ್ನೆ ಹಾಕಿ ಪೀಡಿಸಿದವು. ವರ್ಗದಲ್ಲಿ ಕುಳಿತೊಡನೆ ಸುತ್ತಲೂ ಇಂಗ್ಲಿಷು, ಹಿಂದಿ, ಮರಾಠಿ, ಮಗು ಮೂಕವಾಯಿತು. ತಾಯಿಯನ್ನು ಕರೆಸಿ, ಮನೆಯಲ್ಲಿ ಕನ್ನಡ ನಿಲ್ಲಿಸಿರೆಂದು ಹಿತವಚನ ಹೇಳಿದ ಶಾಲೆಗಳುಂಟು. ಗಾಬರಿಯಿಂದ ನಿಲ್ಲಿಸಿದ ಮನೆಗಳೂ ಉಂಟು. ಇದನ್ನು ನಾವು ಒಪ್ಪಲಾರೆವು. ಅಂಜಿಕೆ, ಹೊಟ್ಟೆನೋವು, ಯಾರೋ ಚಿವುಟಿದ ದೂರು, ಇವನ್ನು ಹೇಳಲು ಆ ಕೂಸಿಗೆ ಬೇರೆ ಭಾಷೆ ಇನ್ನೂ ಬಂದಿರಲಿಲ್ಲ. ಶಾಲೆಯಲ್ಲಿ ಮಾತಿಲ್ಲದ ಮಗುವಿಗೆ ಮನೆಯಲ್ಲಿಯೂ ಮಾತು ಕಿತ್ತುಕೊಂಡಂತಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹ ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಬುನಾದಿಯೆಂದು ಎಣಿಸಿ, ಸಾಧ್ಯವಿದ್ದೆಡೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ.

ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಹಾಗೂ ಅನುತಾಯಿ ವಾಘ್ ಅವರು ಬಾಲವಾಡಿಯನ್ನು ತೊಡಗಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಮೊಬೈಲೂ ಶಾಲೆಯನ್ನು ಮನೆಗೆ ತಂದಿತಲ್ಲ ಎಂದು ಯಾರಾದರೂ ಕೇಳಬಹುದು. ಅಂಗಳದಲ್ಲಿ ಓರಗೆಯ ಮಕ್ಕಳಿದ್ದರು, ಸ್ವಾಮಿ.

ಆ ಎಳೆಯರು ಈಗ ದೊಡ್ಡ ತರಗತಿಗಳಲ್ಲಿದ್ದಾರೆ. ಅಳು ಕೆಲವೇ ವಾರಗಳಲ್ಲಿ ನಿಂತಿತು, ಇಂಗ್ಲಿಷೂ ಬಂತು. ಅಂದು ನಿಂತ ಕನ್ನಡ ಮಾತ್ರ ಕೆಲವು ಮನೆಗಳಲ್ಲಿ ಇಂದಿಗೂ ಮತ್ತೆ ಹೊರಟಿಲ್ಲ. ಊರಿನ ಅಜ್ಜಿ ಫೋನಿನಲ್ಲಿ ಮಾತಾಡಿಸಿದರೆ ಮೊಮ್ಮಗು ತಾಯಿಯ ಮುಖ ನೋಡುತ್ತದೆ.

ನಮ್ಮ ಸಭಾಗೃಹ ರವಿವಾರ ಬೆಳಗ್ಗೆ ಬರಿದಾಗಿರುತ್ತದೆ. ಚಾಪೆಗಳಿವೆ, ಕಥೆ ಬಲ್ಲ ಅಜ್ಜಿಯಂದಿರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅಕ್ಷರಾಭ್ಯಾಸಕ್ಕೆ ಆತುರವಿಲ್ಲ, ಆಟ, ಹಾಡು, ಜೊತೆಗೂಡಿ ತಿಂಡಿ, ಇಷ್ಟು ಸಾಕು. ಮೂರು ತುಂಬಿದ ಮಕ್ಕಳ ಹೆಸರನ್ನೂ, ಜೊತೆಗೆ ಕನ್ನಡ ಬಿಟ್ಟ ಅವರ ಅಣ್ಣ ಅಕ್ಕಂದಿರ ಹೆಸರನ್ನೂ ಇಂದೇ ಕಾರ್ಯದರ್ಶಿಗಳಲ್ಲಿ ಬರೆಸಿರೆಂದು ಬೇಡುತ್ತೇವೆ.