ಕುಡುಗೋಲಿನ ಆಕಾರದ ರಕ್ತಕಣ



ಶಾಲೆಯ ಜೀವಶಾಸ್ತ್ರದಲ್ಲಿ ಆನುವಂಶಿಕತೆ ಎಂಬ ಪಾಠವಿದೆ. ಬಟಾಣಿ ಗಿಡ, ಉದ್ದ, ಗಿಡ್ಡ, ಮೂರಕ್ಕೆ ಒಂದು ಎಂಬ ಲೆಕ್ಕ. ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವ ಪಾಠ ಎಂದು ಎಷ್ಟೋ ಮಕ್ಕಳು ಎಣಿಸುತ್ತಾರೆ. ಆದರೆ ವಯನಾಡು, ನೀಲಗಿರಿ ಕಡೆಯ ಕೇಳುಗರಿಗೆ ಆ ಪಾಠ ಮನೆಯಂಗಳದ ವಿಷಯ. ಮಲಯಾಳದಲ್ಲಿ ಅರಿವಾಳ್ ರೋಗ ಎನ್ನುತ್ತಾರಲ್ಲ, ನಮ್ಮ ಮಾತಿನಲ್ಲಿ ಕುಡುಗೋಲು ಕಣದ ರಕ್ತಹೀನತೆ, ಇಂದು ಅದರ ಬಗ್ಗೆಯೇ ಹೇಳುತ್ತೇನೆ.

ನಮ್ಮ ರಕ್ತದ ಕೆಂಪು ಕಣ ಬಿಲ್ಲೆಯ ಹಾಗೆ ದುಂಡಗಿರುತ್ತದೆ. ಈ ರೋಗವಿದ್ದವರಲ್ಲಿ ಅದು ಕುಡುಗೋಲಿನಂತೆ ಬಾಗಿ ಗಟ್ಟಿಯಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು ತರುತ್ತದೆ. ಒಳ್ಳೆಯ ಕಣ ಸುಮಾರು 120 ದಿನ ಬಾಳಿದರೆ ಇದು 10ರಿಂದ 20 ದಿನಕ್ಕೇ ಒಡೆಯುತ್ತದೆ. 1910ರಲ್ಲಿ ಚಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇಂಥ ಕಣಗಳ ಬಗ್ಗೆ ಮೊದಲು ಬರೆದರು. ನೀಲಗಿರಿಯ ಬುಡಕಟ್ಟು ಜನರಲ್ಲಿ ಇದಿದೆ ಎಂದು ಲೆಹ್ಮನ್ ಮತ್ತು ಕಟ್‌ಬುಷ್ ಎಂಬುವರು 1952ರಲ್ಲಿ ಪ್ರಕಟಿಸಿದರು.

ತಪ್ಪು ಎಷ್ಟು ಸಣ್ಣದು ನೋಡಿ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ನಿನಲ್ಲಿ 146 ಕೊಂಡಿಗಳ ಒಂದು ಸರಪಳಿಯಿದೆ. ಅದರ ಆರನೆಯ ಕೊಂಡಿ ಮಾತ್ರ ಬೇರೆ. ಉಳಿದ 145 ಸರಿಯೇ. ಬ್ಯಾಂಕಿನ ಲೆಡ್ಜರ್ ಬರೆದ ನನ್ನಂಥವನಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಅಂಕಿ ತಪ್ಪಿ ನಕಲಾದರೆ ಮುಂದಿನ ಪುಟಗಳಿಗೆಲ್ಲ ಅದೇ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಈ ಹಿಮೋಗ್ಲೋಬಿನ್ನಿನ ವಂಶವಾಹಿ ನಮ್ಮಲ್ಲಿ ಜೋಡಿಯಾಗಿರುತ್ತದೆ, ಒಂದು ತಾಯಿಯದು, ಒಂದು ತಂದೆಯದು. ಎರಡೂ ಕುಡುಗೋಲಿನದ್ದಾದರೆ ರೋಗ. ಒಂದು ಮಾತ್ರ ಆದರೆ ವಾಹಕರು. ವಾಹಕರು ಸಾಮಾನ್ಯವಾಗಿ ಗದ್ದೆಗೆ ಹೋಗುತ್ತಾರೆ, ಭಾರ ಹೊರುತ್ತಾರೆ, ತಮ್ಮಲ್ಲಿ ಏನೋ ಇದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ. ವಾಹಕನೊಬ್ಬ ವಾಹಕಳನ್ನು ಮದುವೆಯಾದರೆ ಹುಟ್ಟುವ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವುದು ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವುದು ನಾಲ್ಕರಲ್ಲಿ ಒಂದು. ಮೆಂಡೆಲ್ ಎಂಬ ಪಾದ್ರಿ ಮಠದ ತೋಟದಲ್ಲಿ ಕಂಡದ್ದೂ ಇದೇ. ದುಂಡು ಬಟಾಣಿ 5474, ಸುಕ್ಕು ಬಟಾಣಿ 1850 ಎಂದು ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದರು. ಭಾಗಿಸಿ ನೋಡಿ, ಮೂರಕ್ಕೆ ಬಹಳ ಹತ್ತಿರ.

ಇಲ್ಲಿ ದೊಡ್ಡವರು ಸ್ವಲ್ಪ ಕಿವಿಗೊಡಬೇಕು. ನಾಲ್ಕರಲ್ಲಿ ಒಂದು ಎಂದರೆ ಮೊದಲ ಮಗು ರೋಗಿಯಾದ ಮೇಲೆ ಮುಂದಿನ ಮೂರು ಕ್ಷೇಮ ಎಂದಲ್ಲ. ಪ್ರತಿ ಬಸುರಿಗೂ ಲೆಕ್ಕ ಹೊಸದಾಗಿ ಶುರು. ಕವಡೆಗೆ ಹಿಂದಿನ ಆಟದ ನೆನಪಿಲ್ಲವಲ್ಲ, ಹಾಗೆ. ಹಾಗೆಯೇ, ಮಗು ಕಾಯಿಲೆ ಬಿದ್ದರೆ ಸೊಸೆಯ ಮನೆತನವನ್ನು ಬೈಯುವುದೂ ನ್ಯಾಯವಲ್ಲ. ಗಂಡನಿಂದಲೂ ಒಂದು ಪಾಲು ಬಾರದೆ ಆ ರೋಗ ಬರುವಂತಿಲ್ಲ.

ಇಷ್ಟು ಕೆಟ್ಟದ್ದು ಸಾವಿರಾರು ವರ್ಷ ಏಕೆ ಉಳಿಯಿತು? ವಿಕಾಸವಾದದ ಪಾಠ ಇಲ್ಲಿ ಸೇರುತ್ತದೆ. ವಾಹಕರನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲುವುದಿಲ್ಲ ಎಂದು ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದಿಂದ ತೋರಿಸಿಕೊಟ್ಟರು. ಜ್ವರದ ಸೀಮೆಯಲ್ಲಿ ಎರಡೂ ಒಳ್ಳೆಯ ಪ್ರತಿಯಿದ್ದ ಮಕ್ಕಳು ಮಲೇರಿಯಾದಿಂದ ಸತ್ತರು, ಎರಡೂ ಕುಡುಗೋಲಿನದ್ದಾದವರು ರಕ್ತಹೀನತೆಯಿಂದ ಸತ್ತರು, ನಡುವಿನವರು ಬದುಕಿ ಮಕ್ಕಳನ್ನು ಪಡೆದರು. ವಯನಾಡಿನ ಕಾಡುಜ್ವರ ನಮ್ಮ ಅಜ್ಜಂದಿರಿಗೆ ಗೊತ್ತು. ಪಣಿಯ, ಕುರುಮ, ಇರುಳ ಮೊದಲಾದವರಲ್ಲೂ ವಯನಾಡು ಚೆಟ್ಟಿ ಸಮುದಾಯದಲ್ಲೂ ಈ ವಂಶವಾಹಿ ಕಾಣುವುದು ಯಾವ ಜಾತಿಯ ಕಳಂಕವೂ ಅಲ್ಲ. ಅರಬ್ ದೇಶದಲ್ಲೂ ಗ್ರೀಸಿನಲ್ಲೂ ಇದು ಇದೆ. ಈಗ ಮಲೇರಿಯಾ ಕಡಿಮೆಯಾಯಿತು, ಲಾಭ ಹೋಯಿತು, ನೋವು ಉಳಿಯಿತು.

ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ಒಂದೇ ಅಜ್ಜ ಅಜ್ಜಿಯ ತಪ್ಪು ನಕಲು ಹುಡುಗ ಹುಡುಗಿ ಇಬ್ಬರಲ್ಲೂ ಇರುವ ಸಂಭವ ಅಲ್ಲಿ ಹೆಚ್ಚು. ಪದ್ಧತಿಯನ್ನು ಬೈಯಲು ನಾನು ಬಂದಿಲ್ಲ. ಆದರೆ ಜಾತಕಕ್ಕೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ರಕ್ತಪರೀಕ್ಷೆಗೆ ಕೊಡಿ ಎನ್ನುತ್ತೇನೆ. ಇನ್ನೊಂದು ಮಾತು, ವಾಹಕಳೆಂದು ತಿಳಿದ ಹೆಣ್ಣನ್ನು ಬೇಡವೆನ್ನಬೇಡಿ. ಗಂಡನ ವಂಶವಾಹಿ ಎರಡೂ ಸರಿಯಿದ್ದರೆ ಅವರ ಮಕ್ಕಳಿಗೆ ಈ ರೋಗ ಬರುವುದಿಲ್ಲ, ಹೆಚ್ಚೆಂದರೆ ತಾಯಿಯಂತೆ ವಾಹಕರಾದಾರು.

ಕುಡುಗೋಲು ರೋಗದ ನಿರ್ಮೂಲನೆಗೆಂದು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಅಭಿಯಾನವೊಂದನ್ನು ಆರಂಭಿಸಿತು. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ ಅದರ ಗುರಿಯಾಗಿತ್ತು. ಕೇರಳ, ತಮಿಳುನಾಡು, ಕರ್ನಾಟಕ ಮೂರೂ ಅದರಲ್ಲಿವೆ. ರೋಗವಿದ್ದವರು ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಮೈಯೊಡ್ಡಬಾರದು. ನೋವಿನ ಸರದಿ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯ ಎಂಬ ಔಷಧವನ್ನು ವೈದ್ಯರು ನೋಡಿ ಕೊಡುತ್ತಾರೆ. ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ರಕ್ತ ಅಷ್ಟೆ. ಮೊದಲನೆಯ ಸುಲಭ ಪರೀಕ್ಷೆ ಕುಡುಗೋಲಿನ ಅಂಶ ಇದೆಯೋ ಇಲ್ಲವೋ ಹೇಳುತ್ತದೆ, ವಾಹಕರೋ ರೋಗಿಯೋ ಎಂದು ಹೇಳದು. ಅದಕ್ಕೆ ಎರಡನೆಯ ಪರೀಕ್ಷೆ ಬೇಕು. ಅಲ್ಲಿಯವರೆಗೆ ಅರ್ಧ ಚೀಟಿ ಹಿಡಿದು ಮನೆಗೆ ಬಂದು ಅಳಬೇಡಿ, ಎರಡನೆಯದನ್ನೂ ಕೇಳಿ ಪಡೆಯಿರಿ.