ಹಿಮದ ಬೆಳಗಿನ ಅತಿಥಿಗಳು



ಊಟಕ್ಕೆ ಮೊದಲು ಕಾಗೆಗೊಂದು ತುತ್ತು ಇಡುವ ಪದ್ಧತಿ ನಿಮ್ಮ ಮನೆಯಲ್ಲಿಯೂ ಇದ್ದೀತು. ಅದು ತಪ್ಪಿದರೆ ನಮ್ಮ ಕಾಗೆಯೇನೂ ಸಾಯದು, ಪಕ್ಕದ ಹಿತ್ತಿಲಿಗೆ ಹೋದೀತು. ಹಿಮ ಬೀಳುವ ನಾಡಿನಲ್ಲಿ ತುತ್ತಿನ ಬೆಲೆಯೇ ಬೇರೆ. ಹೋದ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ನಾನದನ್ನು ಕಂಡೆ.

ಹಿತ್ತಿಲೆಲ್ಲ ಮೊಣಕಾಲುದ್ದ ಹಿಮ. ಮಗಳು ಹೊತ್ತು ಮೂಡುವ ಮುನ್ನವೇ ಕೊಂಬೆಗೆ ತೂಗಿಸಿದ ಕೊಳವೆಗೆ ಸೂರ್ಯಕಾಂತಿ ಬೀಜ ತುಂಬಿ ಬರುವಳು. ಪಕ್ಕದಲ್ಲಿ ದನದ ಕೊಬ್ಬಿನ ಗಟ್ಟಿ. ಅದನ್ನು ಕಂಡು ನಾನು ಮುಖ ತಿರುಗಿಸಿದ್ದುಂಟು. ಮರಕುಟಿಗಕ್ಕೆ ನನ್ನ ಮಡಿಯ ಗೊಡವೆಯೇನು? ಕಾಫಿ ಹಿಡಿದು ಕಿಟಕಿಯ ಬಳಿ ಕುಳಿತರೆ ಮೊದಲು ಬರುವುದು ಚಿಕಡೀ. ಕೂಗೇ ಅದರ ಹೆಸರು. ಕರಿಯ ಟೊಪ್ಪಿಗೆ, ಬಿಳಿಯ ಕೆನ್ನೆ, ತೂಕ ಸುಮಾರು 11 ಗ್ರಾಂ. ಒಂದೇ ಬೀಜ ಕಚ್ಚಿ ಹಾರಿ, ಕಾಲಲ್ಲಿ ಅದುಮಿ ಕುಕ್ಕಿ ತಿನ್ನುವುದು. ಕೆಲವನ್ನು ತೊಗಟೆಯ ಸಂದಿನಲ್ಲಿ ಬಚ್ಚಿಟ್ಟು, ಆಮೇಲೆ ಹುಡುಕಿ ತೆಗೆಯುವುದು. ಕನ್ನಡಕ ಇಟ್ಟ ಜಾಗವನ್ನೇ ಮರೆಯುವ ನನಗೆ ನಾಚಿಕೆಯಾಯಿತು! ಅವುಗಳಲ್ಲಿ ಒಂದರ ಬಾಲದ ಗರಿ ಸೊಟ್ಟಗಿತ್ತು. ಇಕ್ಕಟ್ಟಾದ ಪೊಟರೆಯಲ್ಲಿ ಮಲಗಿ ಹಾಗಾಗುತ್ತದಂತೆ.

ಅಷ್ಟು ಅವಸರವೇಕೆಂದರೆ, ಅಲ್ಲಿ ಡಿಸೆಂಬರಿನ ಇರುಳು 15 ಗಂಟೆಯದು. ಹಗಲಲ್ಲಿ ಸುಮಾರು 42 ಡಿಗ್ರಿ ಇರುವ ಮೈಶಾಖವನ್ನು ಈ ಹಕ್ಕಿ ಕೊರೆಯುವ ರಾತ್ರಿಗಳಲ್ಲಿ ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು, ಹಗಲು ಕೂಡಿಸಿದ ಕೊಬ್ಬನ್ನು ಉರಿಸುತ್ತ ನಡುಗುತ್ತಿರುತ್ತದೆ. ಬೆಳಗಾಗುವ ವೇಳೆಗೆ ಆ ಗಂಟು ಬಹುಮಟ್ಟಿಗೆ ಕರಗಿರುತ್ತದೆ.

ಒಮ್ಮೆ ನಾವು ನಾಲ್ಕು ದಿನ ಪರಊರಿಗೆ ಹೊರಡಬೇಕಾಯಿತು. “ಅಪ್ಪಾ, ಇವುಗಳ ಗತಿಯೇನು?” ಎಂದಳು ಮಗಳು. ಆ ಸಂಸ್ಥಾನದಲ್ಲಿಯೇ ನಡೆದು 1988ರಲ್ಲಿ ಪ್ರಕಟವಾದ ಶೋಧನೆಯೊಂದನ್ನು ಅವಳು ಓದಿದ್ದಳು: ಜನರಿಟ್ಟ ಕಾಳು ದೊರೆತ ಚಿಕಡೀಗಳಲ್ಲಿ ಚಳಿಗಾಲ ಕಳೆದು ಉಳಿದವು ನೂರಕ್ಕೆ 69, ದೊರೆಯದವುಗಳಲ್ಲಿ 37 ಮಾತ್ರ. ಆದರೆ ಅದೇ ವಿದ್ವಾಂಸರು 1992ರಲ್ಲಿ ಇನ್ನೊಂದು ಮಾತು ತಿಳಿಸಿದರು. ಬಹುಕಾಲ ಕಾಳು ಇಡುತ್ತಿದ್ದ ಕಡೆ ಅದನ್ನು ತೆಗೆದುಬಿಟ್ಟಾಗ, ಅಲ್ಲಿಯ ಹಕ್ಕಿಗಳು ಎಂದೂ ಕಾಳು ಕಾಣದ ಹಕ್ಕಿಗಳಷ್ಟೇ ಉಳಿದುಕೊಂಡವು. ತಾವೇ ಆಯ್ದು ತಿನ್ನುವ ವಿದ್ಯೆಯನ್ನು ಅವು ಮರೆತಿರಲಿಲ್ಲ. ಇದನ್ನು ಹೇಳಿ ಸಮಾಧಾನಪಡಿಸಿದೆ. ದಾರಿಯುದ್ದಕ್ಕೂ ಹವಾಮಾನದ ವರದಿ ಕೇಳುತ್ತಿದ್ದವನು ಮಾತ್ರ ನಾನೇ.

ಹಿಂದಿರುಗಿದಾಗ ಕೊಳವೆ ಬರಿದಾಗಿತ್ತು. ಮರುದಿನ ನಾನೇ ಬೀಜ ತುಂಬಿ ಬಂದು ಕುಳಿತೆ. ಕಾಫಿ ಆರಿತು. ಜುಂಕೊ ಹಕ್ಕಿಗಳೆರಡು ನೆಲಕ್ಕಿಳಿದು ಚೆಲ್ಲಿದ ಕಾಳು ಆಯ್ದವು. ಆಮೇಲೆ ಬೇಲಿಯ ಕಡೆಯಿಂದ ಆ ಕೂಗು ಕೇಳಿಸಿತು. “ಅಪ್ಪಾ, ಬಾಲ ನೋಡಿ!” ಎಂದಳು ಮಗಳು. ಗರಿ ಸೊಟ್ಟಗೇ ಇತ್ತು.